ಬಲಗಡೆಯ ಮುಂದಿನ ಚಕ್ರ

ನಿಂತಿರುವ ಕಾರು ಕಂಡರೆ ನನ್ನ ಸೊಂಟ ತಾನಾಗಿ ಬಗ್ಗುತ್ತದೆ. ಬಗ್ಗಿ, ಕುತ್ತಿಗೆ ಓರೆ ಮಾಡಿ, ಮುಂದಿನ ಚಕ್ರದ ಒಳಮಗ್ಗುಲನ್ನು ನೋಡುತ್ತೇನೆ. ಹೊರಮಗ್ಗುಲು ದಾರಿಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತದೆ. ಒಳಮಗ್ಗುಲು ಕಾಣಬೇಕಾದರೆ ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಬೇಕು. ನನ್ನ ವಯಸ್ಸಿನ ಹೆಂಗಸು ಕೈಯಲ್ಲಿ ಹಣ್ಣುಕಾಯಿ ಬುಟ್ಟಿ ಹಿಡಿದುಕೊಂಡು ನಡುಬೀದಿಯಲ್ಲಿ ಹಾಗೆ ನಿಂತರೆ ಜನ ಏನೆಂದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿಲ್ಲವೆಂದಲ್ಲ. ಆದರೂ ನೋಡದೆ ಮುಂದೆ ಹೋದರೆ, ಒಲೆಯ ಮೇಲೆ ಹಾಲಿಟ್ಟು ಮರೆತು ಬೀದಿಗೆ ಬಂದವಳ ಹಾಗೆ ಎದೆ ಹೊಡೆದುಕೊಳ್ಳುತ್ತದೆ.

ಹೋದ ವಾರ ದೇವಸ್ಥಾನದ ಮುಂದೆ ಒಂದು ಕರಿಯ ಕಾರು ನಿಂತಿತ್ತು. ನಾನು ಬಗ್ಗಿದ್ದೇ ತಡ, ಅದರ ಡ್ರೈವರು ಬೀಡಿ ಎಸೆದು ಓಡಿಬಂದ.

“ಏನಮ್ಮಾ, ಏನ್ ಹುಡುಕ್ತಾ ಇದೀರಾ?”

“ಓಲೆ ಬಿತ್ತು ಕಣಪ್ಪಾ” ಎಂದೆ.

ಪಾಪ, ಒಳ್ಳೆಯವನು. ಟೋಪಿ ತೆಗೆದಿಟ್ಟು ನೆಲದ ಮೇಲೆ ಮಲಗಿಯೇ ಹುಡುಕಿದ. ಹೂವು ಮಾರುವವಳು ಬುಟ್ಟಿ ಬಿಟ್ಟು ಬಂದಳು. ದರ್ಶನ ಮುಗಿಸಿ ಹೊರಗೆ ಬಂದ ಇಬ್ಬರು ಗಂಡಸರು ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದರು. ನಾನೂ ಹುಡುಕಿದೆ. ಕೊನೆಗೆ ಹೂವಿನವಳು ನನ್ನ ಮುಖ ನೋಡಿ, “ಎರಡು ಕಿವೀಲೂ ಓಲೆ ಐತಲ್ಲಮ್ಮಾ?” ಎಂದಳು.

“ಇದು ಬೇರೆ ಓಲೆ” ಎಂದೆ.

ನನ್ನ ಸ್ವಭಾವವೇ ಹೀಗೆ. ನಿಜ ಹೇಳಬೇಕಾದರೆ ನನ್ನ ನಾಲಿಗೆ ಒಳಕೋಣೆಯಿಂದ ಎದ್ದು, ಸೆರಗು ಸರಿಮಾಡಿಕೊಂಡು ಬರಬೇಕು. ಸುಳ್ಳು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿರುತ್ತದೆ. ಅಂದಹಾಗೆ, ಆ ಕಾರಿನ ಟೈರು ಎರಡು ಮಗ್ಗುಲಲ್ಲೂ ಚೆನ್ನಾಗಿತ್ತು. ಅದನ್ನು ನೋಡಿ ಬಂದ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಚಕ್ರದ ಒಳಮಗ್ಗುಲು ನೋಡುವ ವಿದ್ಯೆ ನನಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ನಾಲ್ಕನೆಯದಕ್ಕೆ ಹೋಗಬೇಕೆನ್ನುವ ಹೊತ್ತಿಗೆ ನನ್ನ ತಮ್ಮ ನಂಜುಂಡ ಹುಟ್ಟಿದ. ಅಮ್ಮ ಬಾಣಂತನದಲ್ಲಿ ಹಿಡಿದ ಹಾಸಿಗೆಯನ್ನು ಬಿಟ್ಟು ಏಳಲಿಲ್ಲ. ಸ್ಲೇಟು ಇದ್ದ ಕೈಗೆ ಮಗು ಬಂತು. ಅವನನ್ನು ಎಡ ಸೊಂಟದ ಮೇಲೆ ಕೂರಿಸಿಕೊಂಡು ನೀರು ಸೇದಿದೆ, ಮುದ್ದೆ ತಿರುವಿದೆ, ಕುಂಟಬಿಲ್ಲೆಯನ್ನೂ ಆಡಿದೆ. ನಾನು ಗೆದ್ದಾಗಲೆಲ್ಲ, “ಇಬ್ಬರು ಸೇರಿ ಆಡ್ತಾರೆ” ಎಂದು ಹುಡುಗಿಯರು ಜಗಳ ತೆಗೆಯುತ್ತಿದ್ದರು. ಹೊತ್ತು ಹೊತ್ತು ನನ್ನ ನಡಿಗೆಯೇ ಒಂದು ಕಡೆಗೆ ವಾಲಿತು. ಇವತ್ತಿಗೂ ನನ್ನ ಎಡಗಾಲಿನ ಚಪ್ಪಲಿಯ ಹಿಮ್ಮಡಿ ಒಂದೇ ಪಕ್ಕ ಸವೆಯುತ್ತದೆ. ಚಪ್ಪಲಿ ಹೊಲಿಯುವವನು ಪ್ರತಿ ಸಲವೂ, “ಏನಮ್ಮಾ, ಗೋಡೆ ಮೇಲೆ ನಡೀತೀರಾ?” ಎಂದು ಕೇಳುತ್ತಾನೆ.

ನನಗೆ ಮದುವೆಯಾದಾಗ ತಮ್ಮನೂ ನನ್ನ ಜೊತೆಯಲ್ಲೇ ಬಂದ. ನಮ್ಮ ಯಜಮಾನರು ಗಿರಣಿಯಲ್ಲಿ ಕೆಲಸಕ್ಕಿದ್ದರು. ಅವರು ಮಾತು ಕಡಿಮೆಯ ಮನುಷ್ಯ. ಅವನು ಬಂದದ್ದಕ್ಕೆ ಒಂದು ಮಾತನ್ನೂ ಆಡಲಿಲ್ಲ. ನಮಗೆ ರಾಜಾಜಿನಗರದಲ್ಲಿ ಮನೆ ಸಿಕ್ಕಿದಾಗ ಅಲ್ಲಿ ನಗರ ಎನ್ನುವುದಕ್ಕೆ ಹೆಸರು ಒಂದೇ ಇತ್ತು. ಸುತ್ತ ರಾಗಿ ಹೊಲ, ನಡುನಡುವೆ ನೆಟ್ಟ ಕಲ್ಲು, ಕಲ್ಲಿನ ಮೇಲೆ ನಂಬರು. ಮನೆಗಳೆಲ್ಲ ಒಂದೇ ಅಚ್ಚಿನವು. ಯಜಮಾನರು ಪಾಳಿ ಮುಗಿಸಿ ಬಂದು ಎಷ್ಟೋ ಸಲ ಪಕ್ಕದ ಮನೆಯ ಜಗುಲಿಯಲ್ಲಿ ಕೂತು, “ನೀರು ಕೊಡೇ” ಎಂದು ಕೂಗಿದ್ದುಂಟು. ಪಕ್ಕದ ಮನೆಯಾಕೆ ನೀರು ಕೊಟ್ಟೇ ಕಳಿಸುತ್ತಿದ್ದಳು. ನಂಜುಂಡ ಕಾರು ತಂದ ಮೇಲೆ ಆ ತಾಪತ್ರಯ ತಪ್ಪಿತು. ಕಾರು ನಿಂತಿರುವುದೇ ನಮ್ಮ ಮನೆ ಎಂದು ಗುರುತಾಯಿತು.

ಅದು ಯಾವುದೋ ದೊಡ್ಡ ಮನೆಯವರು ಹತ್ತಿ ಇಳಿದು ಸಾಕಾಗಿ ಬಿಟ್ಟ ಅಮೆರಿಕದ ಕಾರು. ಮೇಲಿನ ಬಟ್ಟೆಯ ಹೊದಿಕೆಯನ್ನು ಮಡಿಸಿ ಹಿಂದಕ್ಕೆ ಸರಿಸಿದರೆ ತೆರೆದ ರಥದ ಹಾಗೆ ಆಗುತ್ತಿತ್ತು. ಮದುವೆ ಮೆರವಣಿಗೆಗೆಂದೇ ನಂಜುಂಡ ಅದನ್ನು ತಂದದ್ದು. ಕಾರು ಮನೆಗೆ ಬಂದ ದಿನ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಹೊಸ ಸೊಸೆ ಮನೆಯೊಳಗೆ ಬರುವಾಗ ಹೊಸಿಲ ಮೇಲೆ ಸೇರಿನಲ್ಲಿ ಅಕ್ಕಿ ತುಂಬಿಟ್ಟು ಬಲಗಾಲಿನಿಂದ ಒದೆಸುತ್ತೇವಲ್ಲ, ಹಾಗೆಯೇ ನಾನು ಗೇಟಿನ ಬಳಿ ಹಿತ್ತಾಳೆಯ ಸೇರಿನ ತುಂಬ ಅಕ್ಕಿ ಇಟ್ಟೆ. ಬಲಗಡೆಯ ಮುಂದಿನ ಚಕ್ರ ಬರುವ ಜಾಗಕ್ಕೇ ಸರಿಯಾಗಿ ಇಟ್ಟೆ. “ಸ್ವಲ್ಪ ತಾಗಿಸೋ ಸಾಕು, ಬಿದ್ದರೆ ಸಾಕು” ಎಂದೆ. ಸೊಸೆ ಸೇರು ಒದ್ದಳು. ಒದ್ದು ಅದರ ಮೇಲೆಯೇ ಹತ್ತಿದಳು. ಸೇರು ತಟ್ಟೆಯಾಯಿತು. ಅಕ್ಕಪಕ್ಕದ ಹೆಂಗಸರೆಲ್ಲ ಶುಭವೆಂದರು. ಅವತ್ತಿನಿಂದ ಆ ಚಕ್ರ ನನ್ನ ಪಾಲಿಗೆ ನಮ್ಮ ಮನೆಯ ಲಕ್ಷ್ಮಿಯ ಬಲಗಾಲಾಯಿತು. ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಒಂದು ಎಳೆ ಹೂವು ಸಿಕ್ಕಿಸುತ್ತಿದ್ದೆ. ಹೊರಮಗ್ಗುಲಿಗೆ.

ಕಾರು ಚೆನ್ನಾಗಿಯೇ ಇತ್ತು. ಆದರೆ ಎತ್ತರ. ಮೆರವಣಿಗೆ ಹೋಗುವಾಗ ಬೀದಿಯ ಮನೆಮನೆಯ ಹೆಂಗಸರು ಹೊರಗೆ ಬಂದು ಮದುಮಕ್ಕಳಿಗೆ ಆರತಿ ಎತ್ತುತ್ತಾರೆ. ನಮ್ಮ ಕಡೆಯ ಹೆಂಗಸರ ಎತ್ತರ ನಿಮಗೆ ಗೊತ್ತೇ ಇದೆ. ಅವರು ತಟ್ಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ತುದಿಗಾಲ ಮೇಲೆ ನಿಂತು ಸುತ್ತಿಸಿದರೆ ಕೆನ್ನೀರು ತುಳುಕಿ ಮದುಮಗನ ಬಿಳಿಯ ಪಂಚೆಯ ಮೇಲೆ ಬೀಳುತ್ತಿತ್ತು. ಒಂದು ಮದುವೆಯಲ್ಲಿ ಸೋದರತ್ತೆಯೊಬ್ಬಳು ಮನೆಯಿಂದ ಮಣೆ ತರಿಸಿ, ಅದರ ಮೇಲೆ ಹತ್ತಿ ನಿಂತಳು. ಕಾರು ಅಷ್ಟರಲ್ಲಿ ಮುಂದೆ ಹೋಯಿತು. ಆಕೆ ಮಣೆ ಕಂಕುಳಲ್ಲಿ, ತಟ್ಟೆ ಕೈಯಲ್ಲಿ, ಓಲಗದವರ ನಡುವೆ ಓಡಿಕೊಂಡು ಬಂದಳು. ಜನ ನಕ್ಕರು. ನಂಜುಂಡನಿಗೆ ನಗು ಬರಲಿಲ್ಲ.

“ಇದನ್ನ ತಗ್ಗಿಸಬೇಕು ಅಕ್ಕಾ” ಎಂದ.

ತಗ್ಗಿಸಿದವರು ಪೆರುಮಾಳ್ ಮೇಸ್ತ್ರಿ. ಮಾಗಡಿ ರಸ್ತೆಯ ಪಕ್ಕದಲ್ಲಿ ತಗಡಿನ ಚಾವಣಿ ಹಾಕಿಕೊಂಡು ಮೋಟಾರು ರಿಪೇರಿ ಮಾಡುತ್ತಿದ್ದರು. ದಪ್ಪ ಮೈ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಬಾಯಿ ತುಂಬ ಜಂಬ. ಬೆಂಗಳೂರಿನಲ್ಲಿ ಚಕ್ರ ನೆಟ್ಟಗೆ ಕೂರಿಸುವ ಕೈ ತಮ್ಮದೊಂದೇ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಮುಂದಿನ ಸ್ಪ್ರಿಂಗುಗಳ ಒಂದೊಂದು ಸುತ್ತನ್ನು ಕತ್ತರಿಸಿದರು. ಹಿಂದಿನ ಸ್ಪ್ರಿಂಗು ಪಟ್ಟಿಗಳಲ್ಲಿ ಕೆಲವನ್ನು ಕಳಚಿದರು. ಕಾರು ಕೆರೆಯಲ್ಲಿ ಕೂತ ಎಮ್ಮೆಯ ಹಾಗೆ ನೆಲಕ್ಕೆ ಅಂಟಿತು. ಆರತಿ ತಟ್ಟೆ ಮದುಮಕ್ಕಳ ಎದೆಯ ಮಟ್ಟಕ್ಕೆ ಬಂತು. ಅದಾದ ಮೇಲೆ ನೋಡಿ, ಮದುವೆಮನೆಗಳಲ್ಲಿ ಹೆಂಗಸರೇ ಹಟ ಹಿಡಿದು, “ಆ ತಗ್ಗಿನ ಕಾರೇ ಬೇಕು” ಎನ್ನತೊಡಗಿದರು.

ಆದರೆ ತಗ್ಗಿಸಿದ ಕಾರಿಗೆ ಒಂದು ರೋಗ ಹತ್ತುತ್ತದೆ. ಮೇಸ್ತ್ರಿ ನಮ್ಮ ಜಗುಲಿಯಲ್ಲಿ ಕೂತು ನನ್ನ ಚಪ್ಪಲಿಯನ್ನೇ ಕೈಗೆತ್ತಿಕೊಂಡು ಅದನ್ನು ವಿವರಿಸಿದರು.

“ನೋಡಕ್ಕಾ, ನಿಮ್ಮ ಹಿಮ್ಮಡಿ ಒಂದೇ ಕಡೆ ತಿಂದೈತೆ ಅಲ್ವಾ? ಕಾರಿಗೂ ಅಂಗೇ. ಸ್ಪ್ರಿಂಗ್ ಗಿಡ್ಡ ಆಯ್ತು, ಮುಂದಿನ ಚಕ್ರದ ತಲೆ ಒಳಕ್ಕೆ ವಾಲ್ತು. ಆಮೇಲೆ ಹೊರಗಡೆ ಟೈರು ಹೊಸದು, ಒಳಗಡೆ ಬೋಳು. ದಾರ ಕಟ್ಟಿ ನಾನು ನೇರ ಮಾಡ್ತೀನಿ, ಆದ್ರೂ ಪೂರಾ ಹೋಗಲ್ಲ. ಆಗಾಗ ಟೈರು ಬಿಚ್ಚಿ, ಒಳಗಿಂದು ಹೊರಕ್ಕೆ ತಿರುಗಿಸಿ, ಮುಂದಿಂದು ಹಿಂದಕ್ಕೆ ಹಾಕ್ತಾ ಇರಬೇಕು. ಇಲ್ಲಾಂದ್ರೆ ಒಂದಿನ ಢಮಾರ್!”

ಅವರು ದಾರ ಕಟ್ಟುವುದನ್ನು ನೋಡುವುದೇ ಒಂದು ಚಂದ. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಗಾಳಿಪಟದ ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿಕೊಂಡು ಕೂರುತ್ತಿದ್ದರು. ಆಮೇಲೆ ಬಿದಿರು ಕಡ್ಡಿ ಹಿಡಿದು ಎರಡು ಮುಂಚಕ್ರಗಳ ನಡುವಿನ ಅಂತರ ಮುಂದುಗಡೆ ಎಷ್ಟಿದೆ, ಹಿಂದುಗಡೆ ಎಷ್ಟಿದೆ ಎಂದು ಅಳೆದು, ಕಾರಿನಡಿಗೆ ತೂರಿ ಏನನ್ನೋ ತಿರುಗಿಸುತ್ತಿದ್ದರು. ಆಗ ಮಕ್ಕಳು ದಾರ ಮುಟ್ಟಿದರೆ ತಮಿಳಿನಲ್ಲಿ ಬೈಗುಳ. ನಾನು ಬಂದರೆ ಕನ್ನಡದಲ್ಲಿ ನಗು.

ಮೊದಲ ಸಲ ಚಕ್ರ ಬದಲಾಯಿಸಿದಾಗ ಬಲಗಡೆಯ ಮುಂದಿನದು ಹಿಂದಕ್ಕೆ ಹೋಯಿತು. ನನಗೆ ಅದು ಸರಿಬರಲಿಲ್ಲ, ಆದರೂ ಬಾಯಿ ಮುಚ್ಚಿಕೊಂಡಿದ್ದೆ. ಆ ವಾರವೇ ನಂಜುಂಡನಿಗೆ ಕಾಮಾಲೆಯಾಯಿತು. ಕಣ್ಣು ಹಳದಿ, ಉಗುರು ಹಳದಿ. ಗೊತ್ತಾಗಿದ್ದ ಒಂದು ಮದುವೆ ಮುರಿದುಬಿತ್ತು. ಇನ್ನೊಂದು ಮನೆಯಲ್ಲಿ ಸೂತಕ ಬಂತು. ನಾನು ಅವನಿಗೆ ನೆಲನೆಲ್ಲಿಯ ರಸ ಕುಡಿಸುತ್ತಾ ಆ ಹಳದಿ ಕಣ್ಣುಗಳನ್ನು ನೋಡಿ ನಡುಗಿಹೋದೆ. ಮೇಸ್ತ್ರಿಯನ್ನು ಕರೆಸಿ, ಅವನು ಮಲಗಿದ್ದಾಗಲೇ, ಆ ಚಕ್ರವನ್ನು ಇದ್ದ ಜಾಗಕ್ಕೆ ಹಾಕಿಸಿದೆ. ತಮ್ಮ ಎದ್ದು ಓಡಾಡಿದ. ಇನ್ನು ನನ್ನನ್ನು ಯಾರು ಒಪ್ಪಿಸಬೇಕು?

ಮುಂದಿನ ಸಲ ಮೇಸ್ತ್ರಿ ಬಂದಾಗ ನಂಜುಂಡ ಮನೆಯಲ್ಲಿರಲಿಲ್ಲ. “ಆ ಒಂದನ್ನ ಮುಟ್ಟಬೇಡಿ ಮೇಸ್ತ್ರಿ” ಎಂದೆ.

“ಏನಕ್ಕಾ ಇದು! ಮೂರು ಮಾಡಿ ಒಂದು ಬಿಡೋದಾ?”

“ಬಲಗಾಲು ತೆಗೆದು ಹಿಂದಕ್ಕೆ ಹಾಕ್ತಾರಾ ಯಾರಾದ್ರೂ?”

“ಅಯ್ಯೋ, ಇದು ಮೋಟಾರು ಅಕ್ಕಾ, ಹೆಣ್ಣುಮಗಳಲ್ಲ. ಸರಿ, ಹಿಂದಕ್ಕೆ ಬೇಡ. ಬಿಚ್ಚಿ, ಟೈರು ತಿರುವಿ, ಅಲ್ಲೇ ಹಾಕ್ತೀನಿ.”

“ಬಿಚ್ಚಲೂಬೇಡಿ. ನನ್ನ ತಮ್ಮನ ಮುಖ ನೋಡಿದ್ರಲ್ಲ ಆವಾಗ.”

ಮೇಸ್ತ್ರಿ ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. ಅವರಿಗೂ ಅವರದೇ ನಂಬಿಕೆಗಳಿದ್ದವು. ಅಮಾವಾಸ್ಯೆಯ ದಿನ ಇಂಜಿನ್ನು ಬಿಚ್ಚುತ್ತಿರಲಿಲ್ಲ. ನಾನು ಬಿಸಿ ವಡೆ ತಂದು ಮುಂದಿಟ್ಟೆ. ಅವರು ವಡೆ ನೋಡಿದರು, ಚಕ್ರ ನೋಡಿದರು.

“ನಿಮ್ಮ ತಮ್ಮ ಕೇಳಿದ್ರೆ?”

“ನಾನು ಹೇಳ್ಕೋತೀನಿ.”

ಸಂಜೆ ನಂಜುಂಡ ಬಂದು ಸೈಕಲ್ಲು ನಿಲ್ಲಿಸುತ್ತಲೇ ಕೇಳಿದ: “ನಾಲ್ಕೂ ಆಯ್ತಾ ಅಕ್ಕಾ?”

“ಆಯ್ತಪ್ಪಾ, ನಾಲ್ಕೂ.”

ಅದು ಒಂದೇ ಸಲವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಮೇಸ್ತ್ರಿ ಬಂದಾಗಲೆಲ್ಲ ಅದೇ ನಡೆಯಿತು. ಅವರು, “ಇವತ್ತೂ ಬೇಡ್ವಾ ಅಕ್ಕಾ? ಬಹಳ ತಿಂತಾ ಇದೆ” ಎನ್ನುತ್ತಿದ್ದರು. ನಾನು ಬೇಡ ಎನ್ನುತ್ತಿದ್ದೆ. ತಮ್ಮ ನಾಲ್ಕೂ ಆಯ್ತಾ ಎನ್ನುತ್ತಿದ್ದ. ನಾನು ಆಯ್ತು ಎನ್ನುತ್ತಿದ್ದೆ. ಒಮ್ಮೆ ಊಟ ಮಾಡುತ್ತಾ ಅವನು, “ಯಾಕೋ ಸ್ಟಿಯರಿಂಗು ಒಂದ್ ಕಡೆ ಎಳೀತಾ ಇದೆ” ಎಂದ. “ರಸ್ತೆ ವಾಲಿರಬೇಕು ಕಣೋ” ಎಂದು ಸಾರು ಬಡಿಸಿದೆ. ಅವನು ನಂಬಿದ. ನಾನು ಹೇಳಿದ ಯಾವ ಮಾತನ್ನು ತಾನೇ ಅವನು ನಂಬಿರಲಿಲ್ಲ?

ಒಂದು ಶನಿವಾರ ಸಂಜೆ ಅಂಗಳ ಗುಡಿಸುತ್ತಿದ್ದೆ. ಮಾರನೆಯ ದಿನ ಕೆಂಗೇರಿಯಲ್ಲಿ ಮದುವೆ. ಕಾರಿಗೆ ಕಟ್ಟಲು ತಂದಿದ್ದ ಹೂವಿನ ಚೆಂಡೊಂದು ಉರುಳಿ ಚಕ್ರದ ಹಿಂದಕ್ಕೆ ಹೋಯಿತು. ಕೈ ಹಾಕಿ ತಡಕಿದೆ. ಹೂವು ಸಿಗಲಿಲ್ಲ, ಬೆರಳಿಗೆ ಟೈರು ಸಿಕ್ಕಿತು. ಗೆರೆಯಿಲ್ಲ, ಗುಳಿಯಿಲ್ಲ, ಬೋಳುತಲೆಯ ಹಾಗೆ ನುಣ್ಣಗಿತ್ತು. ಇನ್ನಷ್ಟು ಒಳಗೆ ಕೈ ಹೋದಾಗ ತೆಂಗಿನಕಾಯಿ ನಾರಿನಂಥದು ಬೆರಳಿಗೆ ಚುಚ್ಚಿತು. ರಬ್ಬರು ಸವೆದು ಒಳಗಿನ ನೂಲು ಹೊರಬಿದ್ದಿತ್ತು. ಹೊರಗಡೆ ನಾನಿಟ್ಟ ಕುಂಕುಮ ಇನ್ನೂ ಕೆಂಪಗೇ ಇತ್ತು.

ಹೇಳಬೇಕಾಗಿತ್ತು. ಸ್ಟೆಪ್ನಿ ಚಕ್ರ ಕಾರಿನ ಹಿಂದೆಯೇ ಇತ್ತು. ಒಂದು ಮಾತು ಹೇಳಿದ್ದರೆ ಅವನು ಬದಲಾಯಿಸಿಬಿಡುತ್ತಿದ್ದ. ಆದರೆ ಆ ಒಂದು ಮಾತಿನ ಹಿಂದೆ ಎಷ್ಟೊಂದು ‘ನಾಲ್ಕೂ ಆಯ್ತು’ಗಳು ಸಾಲಾಗಿ ನಿಂತಿದ್ದವು. ಒಂದನ್ನು ಎಳೆದರೆ ಎಲ್ಲವೂ ಬರುತ್ತವೆ. ಬೆಳಗ್ಗೆಯಾದ ಮೇಲೆ ಪ್ರಯಾಣವನ್ನೇ ನಿಲ್ಲಿಸಲು ನೋಡಿದೆ. ಹಲ್ಲಿ ಲೊಚಗುಟ್ಟಿತು ಎಂದೆ. ಕೆಟ್ಟ ಕನಸು ಬಿತ್ತು ಎಂದೆ. ಹೊಟ್ಟೆನೋವು ಎಂದು ಮಲಗಿದೆ; ಅವನು ಓಮದ ನೀರು ಕಾಸಿ ತಂದುಕೊಟ್ಟ. ಕೊನೆಗೆ ಎದ್ದು ಸೀರೆ ಬದಲಾಯಿಸಿ, “ನಾನೂ ಬರ್ತೀನಿ” ಎಂದೆ.

“ಹೊಟ್ಟೆನೋವು?”

“ಗಾಳಿಗೆ ಹೋಗುತ್ತೆ.”

ಕೆಂಗೇರಿಗೆ ಹೋದ ಆ ದಾರಿಯನ್ನು ನಾನು ಸಾಯುವವರೆಗೆ ಮರೆಯಲಾರೆ. ಮೈಸೂರು ರಸ್ತೆಗೆ ಬೀಳುತ್ತಲೇ ಎರಡು ಕಡೆ ಮರ, ತಂಪು ಗಾಳಿ. ತಮ್ಮ ಗುನುಗಿಕೊಂಡು ಕಾರು ಬಿಡುತ್ತಿದ್ದ. ಆ ಚಕ್ರ ಸರಿಯಾಗಿ ಅವನ ಕಾಲಿನ ಕೆಳಗೇ ಇತ್ತು. ನಾನು ಎಡಗಡೆ ಕೂತು, ಸೀಟಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಹಳ್ಳ ಬಂದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆ.

“ನಿಧಾನ ಕಣೋ.”

“ಇನ್ನೂ ನಿಧಾನಾನಾ? ಹಿಂದೆ ನೋಡು, ಹುಲ್ಲಿನ ಗಾಡಿಯವನು ದಾರಿ ಬಿಡು ಅಂತ ಇದಾನೆ.”

ಗಾಡಿಯವನು ನಿಜವಾಗಿಯೂ ನಮ್ಮನ್ನು ದಾಟಿಕೊಂಡು ಹೋದ. ಹೋಗುವಾಗ ಎತ್ತಿನ ಬಾಲ ಮುರಿಯುತ್ತಾ, “ಕಾರು ಹುಷಾರಿಲ್ವಾ ಅಣ್ಣಾ?” ಎಂದು ಕೇಳಿದ. ತಮ್ಮ ನಕ್ಕ. ಗಾಳಿ ಆಂಜನೇಯನ ಗುಡಿಯ ಮುಂದೆ ನಾನು ಕಾರು ನಿಲ್ಲಿಸಲು ಹೇಳಿ, ಇಳಿದು, ಬಹಳ ಹೊತ್ತು ಕೈಮುಗಿದೆ. ಅಲ್ಲಿಯಾದರೂ ಹೇಳಬಹುದಿತ್ತು. ಹೇಳದೆ ತೀರ್ಥ ತಂದು ಚಕ್ರಕ್ಕೆ ಚಿಮುಕಿಸಿದೆ. ಅದೂ ಹೊರಮಗ್ಗುಲಿಗೇ ಬಿತ್ತು.

ಕೆಂಗೇರಿಯ ಬೀದಿಗಳಲ್ಲಿ ಮೆರವಣಿಗೆ ಜನ ನಡೆಯುವ ವೇಗದಲ್ಲೇ ಸಾಗಿತು. ಮನೆಮನೆಯಲ್ಲೂ ನಿಂತು ಹೊರಟಿದ್ದರಿಂದ ನನಗೆ ಸ್ವಲ್ಪ ಜೀವ ಬಂತು. ಹೆಂಗಸರು ಸಲೀಸಾಗಿ ಆರತಿ ಎತ್ತಿದರು, ಒಂದು ತೊಟ್ಟು ಕೆನ್ನೀರೂ ತುಳುಕಲಿಲ್ಲ. ಆದರೆ ಊಟವಾದ ಮೇಲೆ ಗಂಡಿನ ಕಡೆಯವರು ಅವಸರ ಹತ್ತಿಸಿದರು. ರಾಹುಕಾಲ ಬರುವುದರೊಳಗೆ ಹೆಣ್ಣು ರಾಜಾಜಿನಗರದ ಗಂಡನ ಮನೆ ತುಂಬಬೇಕು, ಬಿರಬಿರನೆ ಹೊರಡಿ ಎಂದರು. ಹಿಂದಿನ ಸೀಟಿನಲ್ಲಿ ಮದುಮಕ್ಕಳು, ಅವರ ಮಗ್ಗುಲಲ್ಲಿ ಹೆಣ್ಣಿನ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ಒಂದು ಮಗು, ಕಾಲಬಳಿ ಟ್ರಂಕು. ಕಾರು ಇನ್ನಷ್ಟು ನೆಲಕ್ಕೆ ಕುಸಿಯಿತು. ನಂಜುಂಡ ಇಂಜಿನ್ನು ಚಾಲು ಮಾಡಿದ.

ಆ ಹೆಣ್ಣು ಮೋಟಾರು ಹತ್ತಿದ್ದು ಅವತ್ತೇ ಮೊದಲಂತೆ. ಮೆಲ್ಲಗೆ ನನ್ನ ಭುಜ ಮುಟ್ಟಿ, “ಅಕ್ಕಾ, ಜೋರಾಗಿ ಹೋದ್ರೆ ಏನೂ ಆಗಲ್ಲ ಅಲ್ವಾ?” ಎಂದು ಕೇಳಿದಳು.

ಏನೂ ಆಗಲ್ಲ ಕಣಮ್ಮಾ ಎನ್ನುವ ಸುಳ್ಳು ಬಾಗಿಲಲ್ಲೇ ನಿಂತಿತ್ತು. ಆದರೆ ಆ ಹುಡುಗಿಯ ಕೈಯ ಮದರಂಗಿ ನನ್ನ ಭುಜದ ಮೇಲಿತ್ತು. ನಾನು ಕದ ತೆಗೆದು ಕೆಳಗಿಳಿದೆ.

“ನಂಜಾ, ಇಳಿ.”

“ಏನಕ್ಕಾ ಮತ್ತೆ? ಹೊಟ್ಟೆನೋವಾ?”

“ಬಲಗಡೆ ಮುಂದಿನ ಚಕ್ರ ನೋಡು. ಒಳಗಡೆ ಕೈ ಹಾಕಿ ನೋಡು.”

“ಈಗಲಾ? ರಾಹುಕಾಲ ಅಂತ ಇವರು ಕುಣೀತಾ ಇದಾರೆ.”

“ನೋಡು ಅಂದೆ.”

ಅವನು ಗೊಣಗಿಕೊಂಡೇ ಕೂತ. ಕೈ ಒಳಗೆ ಹೋಯಿತು. ಅಲ್ಲೇ ನಿಂತುಬಿಟ್ಟಿತು. ಕೈ ಹೊರಗೆ ತೆಗೆದು ಬೆರಳಿಗಂಟಿದ ನೂಲಿನ ಎಳೆ ನೋಡಿದ. ಆಮೇಲೆ ಕಾರಿನಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಓಲಗದವರೂ ಊದುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

“ಅಕ್ಕಾ, ನಾಲ್ಕೂ ಬದಲಾಯಿಸಿ ಆಯ್ತು ಅಂದಿದ್ದೆ ನೀನು.”

ಈ ಬರಹಕ್ಕೆಲ್ಲ ಆ ಗಳಿಗೆಯೇ ಮೂಲ. ನಾನು ಅರ್ಧ ಹಾದಿ ಬಂದಿದ್ದೆ. ಇನ್ನರ್ಧ ಬರಲು ಒಂದೇ ಮಾತು ಸಾಕಾಗಿತ್ತು. ಸುತ್ತ ಮದುವೆ ಜನ, ಎದುರಿಗೆ ನಾನೇ ಸಾಕಿದ ಹುಡುಗ, ಅವನ ಕಣ್ಣಲ್ಲಿ ಬೇಡಿಕೆಯಂಥದೊಂದು: ನೀನಲ್ಲ ಎಂದು ಹೇಳು ಎನ್ನುವ ಹಾಗೆ.

“ಮೇಸ್ತ್ರಿ ಹಾಗಂದ್ರು ಕಣೋ” ಎಂದೆ. “ನಾನೇನು ಬಗ್ಗಿ ನೋಡಿದ್ನಾ?”

ಸ್ಟೆಪ್ನಿ ಚಕ್ರ ಹಾಕಿದರು. ರಾಹುಕಾಲ ಬಂತು, ಹೋಯಿತು. ಯಾರೂ ಬೇಸರ ಮಾಡಲಿಲ್ಲ. ಬಿಚ್ಚಿದ ಚಕ್ರವನ್ನು ಕೆಂಗೇರಿಯ ಜನ ಸರದಿಯಲ್ಲಿ ಬಂದು ನೋಡಿ, ಮುಟ್ಟಿ, ಲೊಚಗುಟ್ಟಿದರು. ಹೆಣ್ಣಿನ ತಂದೆ ನನಗೆ ಕೈಮುಗಿದು, “ತಾಯೀ, ನಿಮ್ಮ ಕಣ್ಣಲ್ಲಿ ದೇವರು ಕೂತಿದ್ದ” ಎಂದರು. ಹೆಣ್ಣಿನ ತಾಯಿ ಮಡಿಲಿಗೆ ಸೀರೆ, ತೆಂಗಿನಕಾಯಿ ಹಾಕಿದಳು. ಮದುಮಕ್ಕಳು ಕಾಲಿಗೆ ಬಿದ್ದರು. ಆ ಸೀರೆಯನ್ನು ಇನ್ನೂ ಉಟ್ಟಿಲ್ಲ. ಪೆಟ್ಟಿಗೆ ತೆಗೆದಾಗಲೆಲ್ಲ ಬೇರೆ ಬಟ್ಟೆಯಡಿಗೆ ತಳ್ಳುತ್ತೇನೆ.

ಮಾರನೆಯ ದಿನ ನಂಜುಂಡ ಆ ಟೈರನ್ನು ಹೆಗಲ ಮೇಲೆ ಹೊತ್ತುಕೊಂಡು ಮಾಗಡಿ ರಸ್ತೆಗೆ ಹೋದ. ನಾನು ಬಾಗಿಲಲ್ಲೇ ನಿಂತಿದ್ದೆ. ಮೇಸ್ತ್ರಿ ಎಲ್ಲವನ್ನೂ ಹೇಳಿಬಿಡುತ್ತಾರೆ, ಈಗ ಬರುತ್ತಾನೆ, ಈಗ ನನ್ನನ್ನು ಕೇಳುತ್ತಾನೆ ಎಂದು ಕಾಯುತ್ತಾ ಅನ್ನ ಸೀಯಿಸಿದೆ. ಅವನು ಬಂದದ್ದು ಗೆದ್ದವನ ಮುಖ ಹೊತ್ತುಕೊಂಡು.

“ಎಲ್ಲಾ ಡ್ರೈವರುಗಳ ಮುಂದೇನೇ ಕೇಳಿದೆ ಅಕ್ಕಾ. ಮದುವೆ ಹೆಣ್ಣು ಕೂತಿದ್ಲು ಮೇಸ್ತ್ರಿ, ನಿಮ್ಮ ಕೈಗೆ ಏನ್ ಬಂದಿತ್ತು ಅಂತ ಕೇಳಿದೆ.”

“ಏನಂದ್ರು?”

“ಮೊದಲು ಬಾಯಿ ತೆರೆದ್ರು. ಆಮೇಲೆ ‘ಅಕ್ಕ ಹೇಳಿದ್ರಾ?’ ಅಂತ ಕೇಳಿದ್ರು. ಹೌದು, ಅಕ್ಕಾನೇ ಹೇಳಿದ್ದು ಅಂದೆ. ‘ಹಾಗಾದ್ರೆ ಸರಿ’ ಅಂದ್ಬಿಟ್ಟು ಒಳಗೆ ಹೋದ್ರು. ಮಾತೇ ಇಲ್ಲ.”

ಅಷ್ಟು ಮಾತಾಡುವ ಮನುಷ್ಯ ಎರಡು ಪದಕ್ಕೆ ನಿಲ್ಲಿಸಿದ್ದರು. ಡ್ರೈವರುಗಳು ಸುಮ್ಮನಿರುವ ಜಾತಿಯಲ್ಲ. ಪೆರುಮಾಳ್ ಮೇಸ್ತ್ರಿಗೆ ವಯಸ್ಸಾಯಿತು, ಮರೆವು ಬಂತು, ಚಕ್ರದ ಕೆಲಸ ಅವರಿಗೆ ಕೊಡಬೇಡಿ ಎಂದು ಮಾತು ಹರಡಿತು. ತರಕಾರಿಗೆ ಹೋದಾಗ ದೂರದಿಂದ ನೋಡುತ್ತಿದ್ದೆ. ತಗಡಿನಡಿ ಕಾರುಗಳು ಕಡಿಮೆಯಾಗುತ್ತಾ ಬಂದವು. ಒಂದು ದಿನ ಅವರು ಖಾಲಿ ಜಾಗದಲ್ಲಿ ಕೂತು, ಯಾವ ಕಾರೂ ಇಲ್ಲದೆ, ಆ ಗಾಳಿಪಟದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತ ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಸೇರು, ಬಲಗಾಲು, ಕಾಮಾಲೆ, ವಡೆ, ಎಲ್ಲ. ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿ ಕೇಳಿದ. ಬೈಯಲಿ, ತಟ್ಟೆ ಎಸೆಯಲಿ, ಬೇರೆ ಮನೆ ಮಾಡಲಿ, ಏನಾದರೂ ಆಗಲಿ ಎಂದು ಕಾದೆ. ಅವನು ನಕ್ಕ.

“ನಂಗೊತ್ತು ಅಕ್ಕಾ. ಆ ಮೇಸ್ತ್ರಿ ಮೇಲೆ ನಿಂಗೆ ಕನಿಕರ. ಅದಕ್ಕೆ ತಪ್ಪು ನಿನ್ನ ತಲೆ ಮೇಲೆ ಹಾಕ್ಕೊಂಡು ಅವರನ್ನ ಉಳಿಸೋಕೆ ನೋಡ್ತಾ ಇದೀಯ. ಚಿಕ್ಕಂದಿನಲ್ಲಿ ನಾನು ಮಡಕೆ ಒಡೆದರೂ ನಾನೇ ಒಡೆದೆ ಅಂತಿದ್ದೆ ನೀನು.”

“ಅಲ್ಲ ಕಣೋ, ಇದು ನಿಜ!”

“ಸುಮ್ನೆ ಸಾರು ಹಾಕು. ಚಕ್ರ ಬಿಚ್ಚಬೇಡ ಅಂತ ನೀನು ಹೇಳಿದ್ರೆ, ನಾನು ಅದರ ಮೇಲೆ ಓಡಾಡೋವಾಗ ಸುಮ್ಮನಿರ್ತಿದ್ಯಾ? ನೀನಾ?”

ಮಡಕೆಯ ಮಾತೂ ನಿಜವೇ. ಜೀವಮಾನದಲ್ಲಿ ಅವನಿಗಾಗಿ ಹೇಳಿದ ಸುಳ್ಳುಗಳೆಲ್ಲ ಸೇರಿ, ನಾನು ಹೇಳಿದ ಒಂದು ನಿಜವನ್ನು ಸುಳ್ಳು ಮಾಡಿದವು. ನನ್ನ ಮೇಲಿನ ಅವನ ಪ್ರೀತಿ ಆ ಊಟದಲ್ಲಿ ಇನ್ನಷ್ಟು ಬೆಳೆಯಿತು. ಎರಡು ಸಲ ಸಾರು ಹಾಕಿಸಿಕೊಂಡ.

ನಾನು ಬಿಡಲಿಲ್ಲ. ಅವನ ಕೈಹಿಡಿದು ಮಾಗಡಿ ರಸ್ತೆಗೆ ಎಳೆದುಕೊಂಡು ಹೋದೆ. ಮೇಸ್ತ್ರಿ ಎದ್ದು ನಿಂತರು. “ಮೇಸ್ತ್ರಿ, ನೀವೇ ಹೇಳಿ. ಚ‌ಕ್ರ ಮುಟ್ಟಬೇಡಿ ಅಂತ ಹೇಳಿದ್ದು ನಾನು ತಾನೇ?” ಎಂದೆ. ಪಕ್ಕದಲ್ಲಿ ಇಬ್ಬರು ಡ್ರೈವರುಗಳು ಬೀಡಿ ಸೇದುತ್ತಾ ಕೂತಿದ್ದರು. ಮೇಸ್ತ್ರಿ ಅವರನ್ನು ನೋಡಿದರು, ನನ್ನನ್ನು ನೋಡಿದರು.

“ಇಲ್ಲಪ್ಪಾ ನಂಜುಂಡಾ” ಎಂದರು. “ಅಕ್ಕ ದೊಡ್ಡ ಮನಸು ಮಾಡಿ ಹೇಳ್ತಾರೆ. ನಾನೇ ಮರೆತೆ. ಕೆಲಸ ಜಾಸ್ತಿ ಇತ್ತು, ಒಂದು ಬಿಟ್ಟೋಯ್ತು.”

ನಂಜುಂಡನ ಮುಖ ಸಡಿಲವಾಯಿತು. ತಪ್ಪೊಪ್ಪಿದವರ ಮೇಲೆ ಅವನಿಗೆ ಕೋಪ ಉಳಿಯುವುದಿಲ್ಲ. “ಹೋಗ್ಲಿ ಬಿಡಿ ಮೇಸ್ತ್ರಿ, ನಾನೂ ಎಲ್ಲರ ಮುಂದೆ ಕೂಗಾಡಬಾರದಿತ್ತು” ಎಂದು ಟೀ ಹೇಳಲು ಹೋದ. ಆಗ ಮೇಸ್ತ್ರಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

“ಮರೆತೆ ಅಂದ್ರೆ ಬೈತಾರೆ, ಆಮೇಲೆ ಬರ್ತಾರೆ. ಯಾರೋ ಹೇಳಿದ್ರು ಅಂತ ಗೊತ್ತಿದ್ದೂ ಬಿಟ್ಟೆ ಅಂದ್ರೆ, ನಾನು ಮೇಸ್ತ್ರಿನೇ ಅಲ್ಲ. ಇನ್ನೊಂದ್ಸಲ ಈ ಮಾತು ತೆಗೀಬೇಡಿ.”

ನನ್ನ ನಿಜ ಇಬ್ಬರಿಗೂ ಬೇಡವಾಯಿತು. ಅದನ್ನು ಹಾಗೆಯೇ ಮನೆಗೆ ತಂದೆ.

ಈಗ ಮೇಸ್ತ್ರಿ ಮತ್ತೆ ನಮ್ಮ ಮನೆಗೆ ಬರುತ್ತಾರೆ. ಡ್ರೈವರುಗಳಲ್ಲೂ ಕೆಲವರು ತಿರುಗಿ ಬಂದಿದ್ದಾರೆ, ಎಲ್ಲರೂ ಬಂದಿಲ್ಲ. ಚಕ್ರ ಬದಲಾಯಿಸುವ ದಿನ ನಂಜುಂಡ ತಾನೂ ಜಗುಲಿಯಲ್ಲಿ ಕೂತು ನೋಡುತ್ತಾನೆ. ನನಗೆ ಒಳಗೆ ನಿಲ್ಲಲಾಗುವುದಿಲ್ಲ, ಬಾಗಿಲಿಗೆ ಬರುತ್ತೇನೆ. ಮೇಸ್ತ್ರಿ ಮೂರು ಚಕ್ರಗಳನ್ನು ಮಾತಾಡಿಕೊಂಡೇ ಬಿಚ್ಚುತ್ತಾರೆ. ಬಲಗಡೆಯ ಮುಂದಿನದಕ್ಕೆ ಬಂದಾಗ ಸ್ಪ್ಯಾನರನ್ನು ಬೋಲ್ಟಿಗೆ ಸಿಕ್ಕಿಸಿ, ತಲೆ ಎತ್ತಿ ನನ್ನನ್ನು ನೋಡುತ್ತಾರೆ.

“ಬಿಚ್ಚಲಾ ಅಕ್ಕಾ?”

“ಅವಳನ್ನೇನು ಕೇಳ್ತೀರಾ ಮೇಸ್ತ್ರಿ, ಬಿಚ್ಚಿ” ಎಂದು ನಂಜುಂಡ ನಗುತ್ತಾನೆ. ಅವನಿಗೆ ಅದು ಹಳೆಯ ಸಲುಗೆಯ ತಮಾಷೆ.

ಮೇಸ್ತ್ರಿ ನಗುವುದಿಲ್ಲ. ಕೈಯನ್ನೂ ಅಲುಗಿಸುವುದಿಲ್ಲ. ಸ್ಪ್ಯಾನರು ಬೋಲ್ಟಿನ ಮೇಲೆ ಹಾಗೆಯೇ ಇರುತ್ತದೆ, ನಾನು ನನ್ನ ಬಾಯಿಂದ, ತಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ, “ಬಿಚ್ಚಿ” ಎನ್ನುವ ತನಕ.